ಅರ್ಧ ಕಿಲೋಮೀಟರ್ ಬೆಳಕು

“ನಿನಗೆ ಹತ್ತು ತುಂಬಲಿ ಕಣೇ. ಒಂದು ಆಟ ಪೂರ್ತಿ ಟಾರ್ಚು ನಿನ್ನ ಕೈಲೇ. ಬಂದೋರಿಗೆಲ್ಲ ನೀನೇ ಸೀಟು ತೋರಿಸ್ತೀಯ.”

ಅತ್ತೆ ಈ ಮಾತು ಕೊಟ್ಟಾಗ ಬುಗುರಿಗೆ ಐದು ವರ್ಷ. ಒಂದು ಕಡೆ ನಿಲ್ಲದವಳಾದ್ದರಿಂದ ಮನೆಯವರು ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಅತ್ತೆಗಿದ್ದದ್ದು ಟಾಕೀಸಿನಲ್ಲಿ ಕತ್ತಲಲ್ಲಿ ಬಂದವರನ್ನು ಅವರವರ ಸೀಟಿಗೆ ಕರೆದೊಯ್ಯುವ ಕೆಲಸ. ಬುಗುರಿ ಆ ಮಾತನ್ನು ಐದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಹತ್ತು ತುಂಬಿದ ಮೇಲೆ ಬಂದ ಮೊದಲ ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡು ಅತ್ತೆಯ ಬಾಗಿಲಲ್ಲಿ ಹಾಜರಾದಳು.

ಈಗ ಇಬ್ಬರೂ ಟಾಕೀಸಿನ ಎದುರಿನ ಎಲೆಕ್ಟ್ರಿಕ್ ಅಂಗಡಿಯಲ್ಲಿದ್ದರು. ಅತ್ತೆಯ ಹಳೇ ಟಾರ್ಚು ಹಿಂದಿನ ದಿನ ಬಾಲ್ಕನಿ ಮೆಟ್ಟಿಲಿನಿಂದ ಉರುಳಿ ಶಾಶ್ವತವಾಗಿ ಕಣ್ಣು ಮುಚ್ಚಿತ್ತು.

“ಇವತ್ತು ಹಿಡಿಯೋಳು ನೀನು. ಆರಿಸೋಳೂ ನೀನೇ,” ಎಂದಳು ಅತ್ತೆ.

ಅಂಗಡಿಯ ಅಂಕಲ್ ಆರು ಎಲ್‌ಇಡಿ ಟಾರ್ಚುಗಳನ್ನು ಸಾಲಾಗಿ ನಿಲ್ಲಿಸಿದರು. ಬುಗುರಿ ನೋಟ್‌ಬುಕ್ ತೆಗೆದು ಗೆರೆ ಎಳೆದಳು.

“ಅಂಕಲ್, ಡಬ್ಬದ ಮೇಲೆ ಲುಮೆನ್ ಅಂತ ಇದೆಯಲ್ಲ, ಏನದು?”

“ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತೆ ಅನ್ನೋ ಲೆಕ್ಕ ಪುಟ್ಟಾ. ಇದು ಇನ್ನೂರು. ಇದು ಸಾವಿರ. ಈ ಮಹಾರಾಯ ಇದ್ದಾನಲ್ಲ, ಮೂರು ಸಾವಿರ!”

“ಹಗಲಲ್ಲಿ ಹಚ್ಚಿದ್ರೆ ಎಲ್ಲಾ ಒಂದೇ ಥರ ಕಾಣುತ್ತಲ್ಲ?”

“ಅದಕ್ಕೇ ನಂದೊಂದು ಕತ್ತಲೆ ಕೋಣೆ ಇದೆ, ಬಾ.” ಅಂಕಲ್ ಮೆಟ್ಟಿಲ ಕೆಳಗಿನ ಗೋಡೌನಿನ ಬಾಗಿಲು ತೆರೆದರು.

ಒಂದು ಟಾರ್ಚಿನ ಬೆಳಕು ಗೋಡೆಯ ತುಂಬ ಹರಡಿತು. ಇನ್ನೊಂದರದು ಒಂದೇ ಕಡೆ ಚುಕ್ಕಿಯಾಗಿ ನಿಂತಿತು. ಮಹಾರಾಯನನ್ನು ಹಚ್ಚಿದ ಕೂಡಲೇ ಗೋಡೌನಿನಲ್ಲಿ ಹಗಲಾಯಿತು. ಮೂಲೆಯ ಜೇಡ ಗಾಬರಿಯಿಂದ ಡಬ್ಬಗಳ ಹಿಂದೆ ಓಡಿತು.

“ಅರ್ಧ ಕಿಲೋಮೀಟರ್ ಹೋಗುತ್ತೆ ಇದು. ಐದು ಮೋಡ್, ಒತ್ತಿದ ಹಾಗೆಲ್ಲ ಬೇರೆ ಬೇರೆ ಥರ!” ಎಂದರು ಅಂಕಲ್.

ಅಷ್ಟರಲ್ಲಿ ಅತ್ತೆ ಬೇರೊಂದು ಟಾರ್ಚನ್ನು ಕಿವಿಯ ಹತ್ತಿರ ಹಿಡಿದು ಬಟನ್ ಒತ್ತುತ್ತಿದ್ದಳು.

“ಏನತ್ತೆ, ಅದೇನು ಫೋನಾ?”

“ಸದ್ದು ಎಷ್ಟಿದೆ ಅಂತ ಕೇಳ್ತಿದ್ದೀನಿ.”

“ಟಾರ್ಚಿಗೆ ಯಾರಾದ್ರೂ ಕಿವಿ ಕೊಡ್ತಾರಾ! ನಂಗೆ ಮಹಾರಾಯನೇ ಬೇಕು.”

ಅತ್ತೆ ಕೈಲಿದ್ದ ಟಾರ್ಚನ್ನು ಮತ್ತೆ ಸಾಲಿನಲ್ಲಿಟ್ಟಳು. “ಸರಿ. ಆರಿಸೋಳು ನೀನು ಅಂತ ನಾನೇ ಅಂದಿದ್ದೀನಲ್ಲ.”

ಮಧ್ಯಾಹ್ನದ ಆಟ ಶುರುವಾಯಿತು. ಹಾಲಿನಲ್ಲಿ ಗವ್ವೆನ್ನುವ ಕತ್ತಲು. ತಡವಾಗಿ ಬಂದವರಲ್ಲಿ ಮೊದಲನೆಯವರು ಪಾಪ್‌ಕಾರ್ನ್ ಹಿಡಿದ, ದಪ್ಪ ಕನ್ನಡಕದ ಒಬ್ಬ ಅಂಕಲ್.

“ಬನ್ನಿ ಸರ್,” ಎಂದು ಬುಗುರಿ ಟಾರ್ಚನ್ನು ಎತ್ತಿ ಬಟನ್ ಒತ್ತಿದಳು.

ಪರದೆಯ ಮೇಲೆ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಪೊಲೀಸಮ್ಮ ಥಟ್ಟನೆ ಮಾಯವಾದಳು. ಕಳ್ಳನೂ ಮಾಯ. ಅಲ್ಲಿ ಉಳಿದದ್ದು ದೊಡ್ಡದೊಂದು ಬಿಳಿ ಚಕ್ರ ಮಾತ್ರ.

“ಯಾರ್ರೀ ಅದು, ಸೂರ್ಯನ್ನ ಒಳಗೆ ಬಿಟ್ಟಿದ್ದು?”

“ಕಳ್ಳ ತಪ್ಪಿಸ್ಕೊಂಡ್ನಲ್ರೀ! ಆಫ್ ಮಾಡ್ರೀ!”

ಬುಗುರಿ ಗಡಿಬಿಡಿಯಲ್ಲಿ ಮತ್ತೆ ಒತ್ತಿದಳು. ಎರಡನೇ ಮೋಡ್ ಬಂತು. ಮತ್ತೆ ಒತ್ತಿದಳು. ಮಹಾರಾಯ ಪಕ್‌ಪಕ್ ಎಂದು ಮಿನುಗತೊಡಗಿದ. ಹಾಲಿನ ತಲೆಗಳೆಲ್ಲ ಒಮ್ಮೆ ಕಾಣಿಸಿದವು, ಒಮ್ಮೆ ಮರೆಯಾದವು. ಎಲ್ಲವೂ ಅವಳ ಕಡೆಗೇ ತಿರುಗಿದ್ದವು.

“ಹಾಡು ಹಾಕಿ, ಡಾನ್ಸ್ ಮಾಡ್ತೀವಿ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಅತ್ತೆ ಓಡಿ ಬಂದು ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿದಳು. ಅವಳ ಹಿಂದೆಯೇ ಮ್ಯಾನೇಜರ್ ಬಂದರು.

“ಮಗು ಹೊರಗಿರಲಿ,” ಎಂದರು.

“ಸರ್, ನಾನು ಮಾತು ಕೊಟ್ಟುಬಿಟ್ಟಿದ್ದೀನಿ.”

“ಮಾತು ಕೊಟ್ಟೋರು ನೀವು, ಬೈಸ್ಕೊಳ್ಳೋನು ನಾನಾ?”

ಬುಗುರಿ ಬಾಗಿಲ ಹೊರಗೆ ನಿಂತಳು. ಐದು ವರ್ಷ ಕಾದಿದ್ದು ಒಂದೇ ನಿಮಿಷದಲ್ಲಿ ಮುಗಿದುಹೋಗಿತ್ತು. ಅಳು ಬರುವ ಮೊದಲೇ ಬಾಗಿಲ ಪರದೆಯ ಸಂದಿನಲ್ಲಿ ಅತ್ತೆ ಕಂಡಳು.

ಅತ್ತೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಮಹಾರಾಯನ ಮುಖಕ್ಕೆ ಬಿಗಿದಿದ್ದಳು. ಕೋಲೂರುತ್ತ ಬಂದ ಒಬ್ಬ ಅಜ್ಜಿಯ ಮುಂದೆ ನಡೆಯುತ್ತಿದ್ದಳು. ಟಾರ್ಚು ಅವಳ ಮೊಣಕಾಲಿನ ಹತ್ತಿರ, ಹಿಂದಕ್ಕೆ ತಿರುಗಿತ್ತು. ತಟ್ಟೆಯಷ್ಟಗಲದ ಬೆಳಕು ಅಜ್ಜಿಯ ಪಾದದ ಮುಂದೆ ಹೋಗುತ್ತಿತ್ತು. ಮೆಟ್ಟಿಲು ಬಂದಾಗ ಬೆಳಕು ನಿಂತಿತು, ಅಜ್ಜಿಯೂ ನಿಂತರು. ಬೆಳಕು ಕೆಳಗಿಳಿಯಿತು, ಕೋಲು ಇಳಿಯಿತು, ಆಮೇಲೆ ಪಾದ. ಅತ್ತೆಯ ಕಾಲ ಮುಂದೆ ಮಾತ್ರ ಕತ್ತಲೆಯೇ ಇತ್ತು. ಹಾಲಿನಲ್ಲಿ ಒಂದೇ ಒಂದು ತಲೆಯೂ ಇತ್ತ ತಿರುಗಲಿಲ್ಲ.

ಅಜ್ಜಿಯನ್ನು ಕೂರಿಸಿ ಬಂದ ಅತ್ತೆ ಬೆರಳುಗಳಿಗೆ ಉಫ್ ಉಫ್ ಎಂದು ಊದಿಕೊಂಡಳು. ಮಹಾರಾಯ ಬಿಸಿಯಾಗಿದ್ದ.

ಇಂಟರ್‌ವಲ್ ಗಂಟೆ ಹೊಡೆದದ್ದೇ ತಡ, ಬುಗುರಿ ಅತ್ತೆಯ ಕೈಯಿಂದ ಟಾರ್ಚು ಇಸ್ಕೊಂಡು ಎದುರಿನ ಅಂಗಡಿಗೆ ಓಡಿದಳು.

“ಅಂಕಲ್, ಇದನ್ನ ಬದಲಾಯಿಸಿ ಕೊಡ್ತೀರಾ?”

“ಯಾಕಮ್ಮಾ, ಬೆಳಕು ಸಾಲಲಿಲ್ವಾ?”

“ಜಾಸ್ತಿ ಆಯ್ತು.”

ಅಂಕಲ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಅಂಗಡಿ ಇಟ್ಟು ಇಪ್ಪತ್ತು ವರ್ಷ ಆಯ್ತು. ಬೆಳಕು ಜಾಸ್ತಿ ಆಯ್ತು ಅಂತ ವಾಪಸ್ ತಂದೋಳು ನೀನೊಬ್ಬಳೇ!”

ಬುಗುರಿ ಮತ್ತೆ ಗೋಡೌನಿಗೆ ನುಗ್ಗಿದಳು. ಈ ಸಲ ಗೋಡೆಗೆ ಹಿಡಿಯಲಿಲ್ಲ, ತನ್ನ ಶೂ ಮುಂದೆ ಹಿಡಿದಳು. ಒಂದು ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಿತ್ತು. ಒಂದು ಟಕ್ ಎಂದು ಊರಿಗೇ ಕೇಳುವಂತೆ ಸದ್ದು ಮಾಡಿತು. ಇನ್ನೊಂದು ಅವಳ ಮುಷ್ಟಿಗೆ ಸಿಗುತ್ತಿರಲಿಲ್ಲ. ನಾಲ್ಕನೆಯದರ ಬೆಳಕು ತುಸು ಹಳದಿ. ಕಿವಿಯ ಹತ್ತಿರ ಹಿಡಿದರೂ ಬಟನ್ ಸದ್ದಿಲ್ಲ. ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ನಡುವೆ ಯಾವ ಕುಣಿತವೂ ಇಲ್ಲ.

“ಇದರದು ಇಪ್ಪತ್ತೇ ಲುಮೆನ್ ಪುಟ್ಟಾ,” ಅಂಕಲ್ ಎಚ್ಚರಿಸಿದರು.

“ಸಾಕು ಅಂಕಲ್.”

ಟಾಕೀಸಿನ ಬಾಗಿಲಿಗೆ ಮ್ಯಾನೇಜರ್ ಅಡ್ಡ ನಿಂತಿದ್ದರು. ಪಕ್ಕದಲ್ಲಿ ಅತ್ತೆ. ಒಳಗೆ ಆಗಲೇ ದೀಪ ಆರಿಸಿದ್ದರು.

“ಹೊಸದು ತಂದೆಯಾ? ಎಲ್ಲಿ, ಹಚ್ಚು ನೋಡೋಣ.”

ಬುಗುರಿ ಸದ್ದಿಲ್ಲದೆ ಬಟನ್ ಒತ್ತಿ ಬೆಳಕನ್ನು ಅವರ ಕಾಲ ಬುಡಕ್ಕೆ ಬಿಟ್ಟಳು.

“ಸರ್, ನಿಮ್ಮ ಲೇಸ್ ಬಿಚ್ಚಿದೆ.”

ಮ್ಯಾನೇಜರ್ ಬಗ್ಗಿ ನೋಡಿದರು. ಬಿಚ್ಚಿತ್ತು. ಅದೇ ಬೆಳಕಲ್ಲಿ ಲೇಸ್ ಕಟ್ಟಿಕೊಂಡು ಎದ್ದು ಗಂಟಲು ಸರಿಮಾಡಿಕೊಂಡರು. “ಹ್ಞೂಂ,” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅತ್ತೆ ತುಟಿ ಕಚ್ಚಿ ನಗು ತಡೆದುಕೊಂಡಳು.

ಮಲಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಬ್ಬರು ಬಂದರು. ಬುಗುರಿ ಮುಂದೆ ನಡೆದಳು, ಕೈಯನ್ನು ಹಿಂದಕ್ಕೆ, ಮೊಣಕಾಲಿನ ಹತ್ತಿರಕ್ಕೆ ಇಳಿಸಿ. ಓಡಬೇಕೆನಿಸಿತು, ಓಡಲಿಲ್ಲ. ಅವರ ಚಪ್ಪಲಿಯ ಸದ್ದಿಗೆ ಸರಿಯಾಗಿ ಹೆಜ್ಜೆ ಹಾಕಿದಳು. ಮೆಟ್ಟಿಲ ಅಂಚಿನಲ್ಲಿ ಬೆಳಕು ನಿಲ್ಲಿಸಿದಳು. ಚಪ್ಪಲಿಯೂ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಕೂಸು ಮಿಸುಕಲಿಲ್ಲ.

ಅವರು ಕೂತರು. ಕೂತವರೇ ಪರದೆ ನೋಡತೊಡಗಿದರು. ಬುಗುರಿಯ ಕಡೆ ಯಾರೂ ನೋಡಲಿಲ್ಲ, ಇಡೀ ಹಾಲಿನಲ್ಲಿ ಒಬ್ಬರೂ.

ಅವಳು ಟಾರ್ಚು ಆರಿಸಿ ಗೋಡೆಗೆ ಒರಗಿ ನಿಂತಳು. ಮುಖದ ತುಂಬ ನಗು ಹರಡಿತ್ತು. ಕತ್ತಲಲ್ಲಿ ಅದೂ ಯಾರಿಗೂ ಕಾಣಲಿಲ್ಲ. ಬಾಗಿಲ ಪರದೆ ಮತ್ತೆ ಸರಿಯಿತು. ಇನ್ಯಾರೋ ಬಂದಿದ್ದರು.

ಅತ್ತೆ ಮಾತು ಕೊಟ್ಟಿದ್ದು ಒಂದು ಪೂರ್ತಿ ಆಟಕ್ಕೆ. ಬುಗುರಿಗೆ ಸಿಕ್ಕಿದ್ದು ಅರ್ಧ ಆಟ.