ಕಲ್ಲುಕಪ್ಪೆಗಳು ಹೊತ್ತ ಮಾತು

ಬಹಳ ಹಿಂದೆ, ಮೋಡಗಳು ಇನ್ನೂ ಬೆಟ್ಟದ ಮೇಲೆ ಮಲಗುತ್ತಿದ್ದ ಕಾಲದಲ್ಲಿ, ಸಿಡಿಲಗಿರಿ ಎಂಬ ರಾಜ್ಯವಿತ್ತು. ಅದರ ಗಡಿಯಿಂದ ರಾಜಧಾನಿಯವರೆಗೆ ಕಲ್ಲಿನ ಕಪ್ಪೆಗಳು ಸಾಲಾಗಿ ಕೂತಿದ್ದವು. ಶತ್ರು ಕಾಲಿಟ್ಟರೆ ಗಡಿಯ ಕಪ್ಪೆಗೆ ತಿಳಿಯುತ್ತಿತ್ತು. ಅದು ಪಕ್ಕದ ಕಪ್ಪೆಗೆ ಹೇಳುತ್ತಿತ್ತು, ಅದು ಮುಂದಿನದಕ್ಕೆ. ಆದರೆ ಆಡಿದ ಒಂದೊಂದು ಮಾತಿಗೂ ಕಪ್ಪೆಯ ಮೈ ಸವೆಯುತ್ತಿತ್ತು. ಹಾಗಾಗಿ ಅವು ಒಮ್ಮೆ ಹೇಳಿ ಸುಮ್ಮನಾಗುತ್ತಿದ್ದವು.

ಗಡಿಯಾಚೆ ನಂಜಕೇಶಿ ಎಂಬ ಮಾಂತ್ರಿಕನಿದ್ದ. ಅವನ ಮಂತ್ರ ನಡೆಯುತ್ತಿದ್ದುದು ಎಚ್ಚರವಿಲ್ಲದವರ ಮೇಲೆ ಮಾತ್ರ. ಕಾದು ನಿಂತವರ ಕಣ್ಣಿಗೆ ಬಿದ್ದರೆ ಅವನು ಬೂದಿ. ಅದಕ್ಕೇ ಅವನು ಮಾತು ನುಂಗುವ ಮಂಜೊಂದನ್ನು ಸಾಕಿದ್ದ. ಒಂದು ದಿನ ಅವನು ಗಡಿ ದಾಟಿದಾಗ ಕಪ್ಪೆ ಹೇಳಿದ ಮಾತನ್ನು ಮಂಜು ನುಂಗಿತು. ದಾರಿಯಲ್ಲಿದ್ದ ಹಾಲುಗುಡ್ಡ ಎಂಬ ಊರಿನ ಜನ ಉಣ್ಣುತ್ತ ಕೂತಲ್ಲೇ ಉಪ್ಪಿನ ಕಂಬಗಳಾದರು. ಕಪ್ಪೆ ಕೆತ್ತುವ ಬೊಮ್ಮಕ್ಕನ ಗಂಡನೂ ಅವರಲ್ಲಿದ್ದ.

ಬೊಮ್ಮಕ್ಕ ಗಡಿಗೆ ಓಡಿದಳು. "ಯಾಕೆ ಹೇಳಲಿಲ್ಲ?"

"ಹೇಳಿದೆ ತಾಯಿ," ಎಂದಿತು ಕಪ್ಪೆ. "ಪಕ್ಕದ ಕಪ್ಪೆಗೆ ಕೇಳಿಸಿತೋ ಇಲ್ಲವೋ, ನನಗೇನು ಗೊತ್ತು?"

"ಇನ್ನು ಮೇಲೆ 'ಕೇಳಿದೆ' ಅನ್ನುವ ಉತ್ತರ ಬರೋ ತನಕ ಹೇಳ್ತಾನೇ ಇರು."

"ಸವೆದು ಹೋಗ್ತೀನಲ್ಲ?"

ಬೊಮ್ಮಕ್ಕ ತಲೆ ತಗ್ಗಿಸಿದಳು. "ಹೌದು," ಎಂದಳು.

ನಂಜಕೇಶಿ ಮತ್ತೆ ಬಂದ. ಈ ಸಲ ಅವನ ಮಂಜೇ "ಕೇಳಿದೆ" ಎಂದು ಸುಳ್ಳು ಹೇಳಿತು. ಕಪ್ಪೆ ನಂಬಿ ಸುಮ್ಮನಾಯಿತು. ಕಗ್ಗೆರೆ ಎಂಬ ಊರೂ ಉಪ್ಪಾಯಿತು. ಬೊಮ್ಮಕ್ಕ ಅಳುತ್ತಲೇ ಸಾಲಿನುದ್ದಕ್ಕೂ ನಡೆದು, ಅಕ್ಕಪಕ್ಕದ ಪ್ರತಿ ಜೋಡಿ ಕಪ್ಪೆಗಳ ಕಿವಿಯಲ್ಲಿ ಅವೆರಡಕ್ಕೇ ಗೊತ್ತಿರುವ ಒಂದೊಂದು ಗುಟ್ಟಿನ ಹೆಸರು ಉಸುರಿದಳು. "ಈ ಹೆಸರು ಹಿಡಿದು ಉತ್ತರಿಸಿದರೆ ಮಾತ್ರ ನಂಬಿ."

ಮೂರನೆಯ ಸಲ ನಂಜಕೇಶಿ ಕಬ್ಬಿಣದ ಗೊರಸಿನ ಕೋಣವನ್ನು ಮುಂದೆ ಬಿಟ್ಟ. ಅದು ನಡುವಿನ ಕಪ್ಪೆಯೊಂದನ್ನು ತುಳಿದು ಪುಡಿಮಾಡಿತು. ಮಾತು ಅಲ್ಲಿಗೇ ನಿಂತಿತು. ಹಿಂದಿನ ಕಪ್ಪೆ "ನಂಜಕೇಶಿ ಬಂದ, ನಂಜಕೇಶಿ ಬಂದ" ಎಂದು ಕೂಗಿ ಕೂಗಿ ಮುಷ್ಟಿಯಷ್ಟಾಯಿತು.

ಬೊಮ್ಮಕ್ಕ ಹೋಗಿ ಆ ಖಾಲಿ ಜಾಗದಲ್ಲಿ ನಿಂತಳು. ಕೂಗಿದಳು. ಉತ್ತರವಿಲ್ಲ. ಮಂಜು ಬಾಯಿಗೆ ನುಗ್ಗಿ ಗಂಟಲು ಸುಟ್ಟಿತು. ಮತ್ತೆ ಕೂಗಿದಳು. ಬಾಯಲ್ಲಿ ರಕ್ತ ಬಂತು. ನುಂಗಿ ನುಂಗಿ ಮಂಜಿನ ಹೊಟ್ಟೆ ಬಿರಿಯುವಷ್ಟಾದಾಗ, ಆಚೆಯ ಕಪ್ಪೆಯಿಂದ ಸಣ್ಣಗೆ ಗುಟ್ಟಿನ ಹೆಸರು ಕೇಳಿಸಿತು. ಬೊಮ್ಮಕ್ಕ ಅಲ್ಲೇ ಕುಸಿದಳು.

ಕಪ್ಪೆಯಿಂದ ಕಪ್ಪೆಗೆ ಮಾತು ರಾಜಧಾನಿ ಮುಟ್ಟಿತು. ನಂಜಕೇಶಿ ಬಾಗಿಲಿಗೆ ಬಂದಾಗ ದೊರೆ, ಅಗಸರು, ಬಾಣಂತಿಯರು, ಎಲ್ಲರೂ ಕೋಟೆಯ ಮೇಲೆ ಕಣ್ಣು ತೆರೆದು ನಿಂತಿದ್ದರು. ಅವನ ಜಡೆ ಉದುರಿತು, ಕೈ ಉದುರಿತು. ಹಿಡಿ ಬೂದಿ ಉಳಿಯಿತು.

ಮಂತ್ರ ಕಳಚಿ ಕಗ್ಗೆರೆಯವರು ಎದ್ದು ಕೂತರು. ಹಾಲುಗುಡ್ಡದವರು ಏಳಲಿಲ್ಲ, ಆ ಊರಿನ ಉಪ್ಪಿನ ಕಂಬಗಳ ಮೇಲೆ ಆಗಲೇ ಮಳೆ ಸುರಿದುಹೋಗಿತ್ತು.

ಕಗ್ಗೆರೆಯ ನಿಂಗಜ್ಜಿ ಬೊಮ್ಮಕ್ಕನ ಕೈ ಹಿಡಿದಳು. "ನಮ್ಮನೇಲೇ ಇದ್ದುಬಿಡು ಮಗಳೇ."

ಸರಿಯೆನ್ನಲು ಬೊಮ್ಮಕ್ಕನಿಗೆ ದನಿಯಿರಲಿಲ್ಲ. ಅಜ್ಜಿಯ ಹಿಂದೆ ನಡೆದಳು. ಆ ನಾಡಿನವರು ಆಮೇಲೆ ಬಿತ್ತಿದರು, ಬೆಳೆದರು, ಹೆದರಿಕೆಯಿಲ್ಲದೆ ಕೂತು ಉಂಡರು.