ಆಶಾಳಿಗೆ ಕೊಟ್ಟ ಹಿತ್ತಾಳೆ ಸ್ಟೌ

"ಅಜ್ಜಯ್ಯ, ನಮ್ಮಮ್ಮ ಸತ್ತಿದ್ದು ನಿಮ್ ಕೈ ತಪ್ಪಿಂದಾನಾ? ಇವತ್ತು ನಂಗೆ ಗೊತ್ತಾಗ್ಲೇಬೇಕು!"

ಹದಿನಾಲ್ಕರ ಚೈತ್ರಾ ಚೀಲದಿಂದ ಕರಕಲಾದ ಸ್ಟೌ ತೆಗೆದು ಮೇಜಿನ ಮೇಲಿಟ್ಟಾಗ ಬೆಳ್ಳಪ್ಪ ಅದನ್ನು ಒಂದೇ ನೋಟಕ್ಕೆ ಗುರುತಿಸಿದ. ಆರು ವರ್ಷಗಳ ಮೇಲೆ ಮೊಮ್ಮಗಳು ಹೊಸನಗರದ ಈ ಮನೆಯ ಮೆಟ್ಟಿಲು ಹತ್ತಿದ್ದಳು. ಅದೂ ಅಪ್ಪನಿಗೆ ಹೇಳದೆ, ತೀರ್ಥಹಳ್ಳಿಯಿಂದ ಒಬ್ಬಳೇ ಬಸ್ಸಿನಲ್ಲಿ!

ಹಳೆಯ ಕ್ಯಾಂಪ್ ಸ್ಟೌಗಳೆಂದರೆ ಬೆಳ್ಳಪ್ಪನಿಗೆ ಪ್ರಾಣ. ಸರ್ವೆಯವರು ಕಾಡಿಗೆ ಹೊತ್ತೊಯ್ಯುತ್ತಿದ್ದ, ಮಡಚಿ ಡಬ್ಬಿಯಲ್ಲಿಡುವಂಥ ಪುಟ್ಟ ಹಿತ್ತಾಳೆ ಸ್ಟೌಗಳನ್ನು ಗುಜರಿಯಿಂದ ಹುಡುಕಿ ತರುತ್ತಿದ್ದ. ಬೆಸುಗೆ ಹಾಕಿ, ವಾಷರ್ ಬದಲಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಮತ್ತೆ ನೀಲಿ ಜ್ವಾಲೆ ಎಬ್ಬಿಸುತ್ತಿದ್ದ. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಮಗಳು ಆಶಾಳಿಗೆ ಕೊಟ್ಟಿದ್ದ. ಅಳಿಯ ರಾಜೇಂದ್ರ ಪ್ರವಾಸಿಗರನ್ನು ಕಾಡು ಸುತ್ತಿಸುವವನು. ಗಂಡಹೆಂಡಿರು ಮೇಗರವಳ್ಳಿಯ ಬಳಿ ಟೆಂಟು ಹಾಕಿದ್ದಾಗ ಆ ಸ್ಟೌನಿಂದಲೇ ಬೆಂಕಿ ಹತ್ತಿತು. ಆಶಾ ಉಳಿಯಲಿಲ್ಲ... "ಮಾವ ರಿಪೇರಿ ಮಾಡಿದ ಸ್ಟೌ ಸಿಡೀತು" ಎಂದ ರಾಜೇಂದ್ರ, ಮೊಮ್ಮಗಳ ಮುಖ ನೋಡಲೂ ಬಿಡಲಿಲ್ಲ. ಊರೆಲ್ಲ ಅದನ್ನೇ ನಂಬಿತು. "ನಿಮ್ ಕೈಲಿ ಹಂಗಾಗಲ್ಲ ಕಣ್ರೀ" ಎನ್ನುತ್ತಿದ್ದವಳು ಹೆಂಡತಿ ವಿಶಾಲಮ್ಮ ಒಬ್ಬಳೇ!

ಬೆಳ್ಳಪ್ಪ ಸ್ಟೌ ತಿರುಗಿಸಿ ನೋಡಿದ. ಟ್ಯಾಂಕು ಎಲ್ಲೂ ಸೀಳಿರಲಿಲ್ಲ. ಅವನ ಬೆಸುಗೆ ಹಾಗೇ ಇತ್ತು. ಆದರೆ ಸೀಮೆಎಣ್ಣೆ ತುಂಬುವ ಬಾಯಿಗೆ ಮುಚ್ಚಳವಿರಲಿಲ್ಲ.

"ಇದರ ಮುಚ್ಚಳ ಎಲ್ಲಮ್ಮಾ?"

"ಇಲ್ಲಿದೆ. ಸ್ಟೌ ಅಟ್ಟದಲ್ಲಿತ್ತು. ಇದು ಮಾತ್ರ ಅಪ್ಪ ಅವತ್ತು ಹಾಕ್ಕೊಂಡಿದ್ದ ಜಾಕೆಟ್ ಜೇಬಲ್ಲಿತ್ತು."

ಮುಚ್ಚಳಕ್ಕೆ ಒಂದಿಷ್ಟೂ ಮಸಿ ತಾಗಿರಲಿಲ್ಲ. ಬೆಳ್ಳಪ್ಪನಿಗೆ ಎಲ್ಲವೂ ಅರ್ಥವಾಯಿತು. ಸ್ಟೌ ಸಿಡಿದಿರಲೇ ಇಲ್ಲ! ಅದು ಉರಿಯುತ್ತಿದ್ದಾಗಲೇ ರಾಜೇಂದ್ರ ಅವಸರಕ್ಕೆ ಬಿದ್ದು ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡು ಎಣ್ಣೆ ಸುರಿದಿದ್ದ...

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಮಗಳನ್ನು ಹುಡುಕಿಕೊಂಡು ಬಂದ ರಾಜೇಂದ್ರ, ಮಾವನ ಅಂಗೈಯಲ್ಲಿದ್ದ ಮುಚ್ಚಳ ಕಂಡು ಬಾಗಿಲಲ್ಲೇ ಕಲ್ಲಾದ.

"ಮಾವ..."

ಚೈತ್ರಾ ಓಡಿಹೋಗಿ ಅಪ್ಪನ ತೋಳು ಹಿಡಿದಳು. "ಬೈಬೇಡಿ ಅಪ್ಪ... ಕೇಳಕ್ಕೆ ಬಂದೆ ಅಷ್ಟೇ. ನಂಗೆ ನಿಮ್ಮನ್ ಬಿಟ್ರೆ ಯಾರಿದ್ದಾರೆ?"

ಬೆಳ್ಳಪ್ಪ ಮುಚ್ಚಳವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ನಿಜ ಹೇಳಿದರೆ ಆಶಾ ತಿರುಗಿ ಬರುವಳೇ? ಈ ಕೂಸಿಗೆ ಉಳಿದಿರುವ ಅಪ್ಪನೂ ಇಲ್ಲವಾಗುತ್ತಾನೆ...

"ಹೇಳಿ ಅಜ್ಜಯ್ಯ!"

"ನನ್ ತಪ್ಪೇ ಮಗಾ... ವಾಷರ್ ಸರಿಯಾಗಿ ಕೂರಿಸಿರ್ಲಿಲ್ಲ."

ರಾಜೇಂದ್ರ ಏನೋ ಹೇಳಲು ಬಾಯಿ ತೆರೆದ. ಬೇಡವೆಂದು ಬೆಳ್ಳಪ್ಪ ತಲೆಯಾಡಿಸಿದ. ಅಳಿಯ ಮುಖ ಮುಚ್ಚಿಕೊಂಡು ಅತ್ತ. ಚೈತ್ರಾ ಅಜ್ಜನ ಕಡೆ ತಿರುಗಿಯೂ ನೋಡದೆ ಅಪ್ಪನ ಬೈಕು ಹತ್ತಿದಳು.

ಅಡುಗೆಮನೆಯ ಬಾಗಿಲಲ್ಲಿ ವಿಶಾಲಮ್ಮ ನಿಂತಿದ್ದಳು. ಗಂಡ ತಪ್ಪೊಪ್ಪಿಕೊಂಡದ್ದನ್ನು ಅವಳು ಕೇಳಿಸಿಕೊಂಡಿದ್ದಳು!

"ಆರು ವರ್ಷ ಊರೋರ ಹತ್ರ ನಿಮ್ ಪರ ಜಗಳ ಆಡ್ದೆ ನಾನು... ಹೌದೇನ್ರೀ? ನೀವೀಗ ಹೇಳಿದ್ದು ನಿಜಾನಾ?"

"ವಿಶಾಲೂ..." ಬೆಳ್ಳಪ್ಪ ಕೈ ಚಾಚಿದ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಅವಳು ಸುಮ್ಮನಿರುವವಳಲ್ಲ. ಇವತ್ತೇ ತೀರ್ಥಹಳ್ಳಿಗೆ ಹೋಗಿ ಅಳಿಯನ ಕೊರಳಪಟ್ಟಿ ಹಿಡಿಯುತ್ತಾಳೆ, ಕೂಸಿನ ಎದುರೇ...

ಚಾಚಿದ ಕೈ ತಾನಾಗಿ ಕೆಳಗಿಳಿಯಿತು.

"ಹೌದು ಕಣೇ."

ವಿಶಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು.