ಕಳುವಾದ ಹಳದಿ

ಹಳದಿ ಮಾಯವಾಗಿತ್ತು!

ಹದಿನೈದು ದಿನದ ಹಿಂದೆ ನಾನೇ ಕಣ್ಣಾರೆ ಕಂಡ ಹಳದಿ. ಮೊಳಕಾಲ್ಮೂರಿನ ಲೇಡಿ ಡಾಕ್ಟರು ರಂಗಕ್ಕನ ಬಸುರಿಗೆ ಸೂಜಿ ಹಾಕಿ ತೆಗೆದ ಗರ್ಭದ ನೀರು ಅವತ್ತು ಶೇಂಗಾ ಎಣ್ಣೆಯ ಹಾಗೆ ಹೊಳೆದಿತ್ತು. ಇವತ್ತು ಅದೇ ರಂಗಕ್ಕನ ನೀರು ಎಳನೀರಿನಷ್ಟು ತಿಳಿ!

ತೊಂಬತ್ತೆಂಟರ ಮಾತು. ಚಳ್ಳಕೆರೆಯ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಿದ್ದವನು ನಾನು, ದುರುಗಣ್ಣ. ನಾನು ನೋಡಿದ ರಕ್ತವನ್ನೆಲ್ಲ ಒಟ್ಟಿಗೆ ಸುರಿದಿದ್ದರೆ ವೇದಾವತಿ ಮೂರು ದಿನ ಕೆಂಪಗೆ ಹರಿಯುತ್ತಿದ್ದಳು. ಆರು ತಾಲ್ಲೂಕಿನಲ್ಲಿ ನನ್ನಂಥವನಿರಲಿಲ್ಲ. ಏಳನೆಯದರಲ್ಲಿ ವಿಚಾರಿಸಿರಲಿಲ್ಲ, ಅಷ್ಟೇ.

ಮೊದಲ ಬಸುರು ಇಳಿದುಹೋದ ಮೇಲೆ ರಂಗಕ್ಕನ ಎರಡು ಕೂಸುಗಳು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗಿದ್ದವು. ಅವಳದು ನೆಗೆಟಿವ್ ರಕ್ತ, ಕೂಸಿನದು ಪಾಸಿಟಿವ್. ತಾಯಿಯ ರಕ್ತ ಕೂಸಿನ ರಕ್ತವನ್ನು ಹಗೆಯೆಂದು ಬಗೆದು ಒಡೆಯುತ್ತದೆ. ಒಡೆದ ರಕ್ತದ ಹಳದಿ ಗರ್ಭದ ನೀರಿಗಿಳಿಯುತ್ತದೆ. ಹಳದಿ ಏರಿದಷ್ಟೂ ಸಾವು ಹತ್ತಿರ.

ಇದು ಮೂರನೆಯ ಕೂಸು. ಮತ್ತೆ ಎಂಟನೇ ತಿಂಗಳು. ಹಳದಿ ಏರಿದ್ದರೆ ಇವತ್ತೇ ದಾವಣಗೆರೆಗೆ ಸಾಗಿಸಿ ಕೂಸನ್ನು ಹೊರತೆಗೆಯಬೇಕು. ಇಳಿದಿದ್ದರೆ ಮನೆಗೆ. ರಂಗಕ್ಕ ಮೊಳಕಾಲ್ಮೂರಿನ ಆಸ್ಪತ್ರೆಯಲ್ಲೇ ಕಾಯುತ್ತಿದ್ದಳು.

"ಬದುಕ್ತೈತಾ ಸ್ವಾಮಿ?"

ಬಾಗಿಲಲ್ಲಿ ಕ್ಯಾತಮ್ಮ ನಿಂತಿದ್ದಳು. ರಂಗಕ್ಕನ ಅತ್ತೆ, ಗೊಲ್ಲರಹಟ್ಟಿಯ ಮುದುಕಿ. ಹೆಗಲ ಮೇಲೆ ಕರಿ ಕಂಬಳಿ. ಐಸ್ ತುಂಬಿದ ಫ್ಲಾಸ್ಕಿನಲ್ಲಿ ನೀರಿನ ಟ್ಯೂಬು ಹಾಕಿಸಿಕೊಂಡು ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ನನ್ನ ಕೈಗೆ ಬಂದಾಗ ಟ್ಯೂಬು ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಿತ್ತು. ಸುಮ್ಮನೆ ಹೇಳುತ್ತಿಲ್ಲ, ನನ್ನ ಅಂಗೈ ಕಂಡರೆ ಥರ್ಮಾಮೀಟರಿಗೂ ಹೊಟ್ಟೆಕಿಚ್ಚು.

"ಬದುಕೋದೇನಜ್ಜಿ, ಲಗೋರಿ ಆಡ್ತೈತೆ!" ಎಂದೆ. ಆಗಲೇ ಮೊಳಕಾಲ್ಮೂರಿಗೆ ಫೋನನ್ನೂ ಮಾಡಿ ಮುಗಿಸಿದ್ದೆ. 'ನೀರು ತಿಳಿಯಾಗೈತೆ ಮೇಡಂ, ಮನೆಗೆ ಕಳಿಸ್ರಿ.'

ಅಷ್ಟರಲ್ಲಿ ಪಕ್ಕದ ವಾರ್ಡಿನಿಂದ ನರ್ಸ್ ಸಿದ್ದಕ್ಕ ಬಂದಳು. ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದ ಕೈ. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ನೋಡಿದಳು.

"ಅಪಾಯದ ಗೆರೆ ಮುಟ್ಟಿದ್ದು ತಾನಾಗೇ ಇಷ್ಟು ಕೆಳಗೆ ಇಳಿಯಲ್ಲ. ಹಳದೀನ ಯಾರೋ ಕದ್ದವ್ರೆ."

"ಕದಿಯೋಕೆ ಅದೇನು ಬಂಗಾರನಾ ಸಿದ್ದಕ್ಕ?"

"ಬಂಗಾರದ ಕಳ್ಳ ಜೀವನಾದ್ರೂ ಬಿಟ್ಟು ಹೋಗ್ತಾನೆ. ಟ್ಯೂಬಿನ ಮೇಲಿನ ಚೀಟಿ ಯಾರದ್ದು?"

"ರಂಗಕ್ಕಂದೇ. ಡಾಕ್ಟರ ಅಕ್ಷರ."

"ಯಂತ್ರ?"

"ನೆನ್ನೆ ನಾನೇ ಸರಿಮಾಡಿದ್ದು. ಅದನ್ನ ತಯಾರಿಸಿದೋರೇ ಬಂದು ನನ್ನ ಕಾಲಿಗೆ ಬೀಳಬೇಕು, ಹಂಗೈತೆ."

"ಕಪ್ಪು ಕಾಗದ?"

ಬೆಳಕು ತಾಗಿದರೆ ಆ ಹಳದಿ ಕರಗುತ್ತದೆ. ಅದಕ್ಕೇ ಎಕ್ಸ್‌ರೇ ಫಿಲ್ಮಿನ ಜೊತೆ ಬರುವ ಕಪ್ಪು ಕಾಗದವನ್ನು ಟ್ಯೂಬಿಗೆ ಸುತ್ತಿ ಡಾಕ್ಟರು ಪ್ಲಾಸ್ಟರು ಅಂಟಿಸುತ್ತಿದ್ದರು.

"ಸುತ್ತಿತ್ತು. ಪ್ಲಾಸ್ಟರೂ ಇತ್ತು," ಎಂದೆ.

ಸಿದ್ದಕ್ಕ ಫ್ಲಾಸ್ಕನ್ನು ಅಲ್ಲಾಡಿಸಿದಳು. ಒಳಗೆ ಐಸ್ ಗಲಗಲ ಅಂದಿತು.

"ಇದರೊಳಗಿಂದ ಟ್ಯೂಬು ತೆಗೆದೋನು ನೀನಾ?"

"ಇಲ್ಲ... ಅಜ್ಜೀನೇ ಕೈಗೆ ಕೊಟ್ಟಳು."

"ತಣ್ಣಗಿತ್ತಾ?"

ಹಾಲಿನಷ್ಟು ಬೆಚ್ಚಗೆ!

ಸಿದ್ದಕ್ಕ ಕಸದ ಬುಟ್ಟಿಯಿಂದ ಕಪ್ಪು ಕಾಗದ ಎತ್ತಿದಳು. ಪ್ಲಾಸ್ಟರಿನ ಅಂಟಿನಿಂದ ಚಿಮಟದಲ್ಲಿ ಏನನ್ನೋ ಹಿಡಿದೆಳೆದಳು. ಕರಿ ಉಣ್ಣೆಯ ಒಂದು ಎಳೆ.

ಅವಳ ಕಣ್ಣು ಕ್ಯಾತಮ್ಮನ ಹೆಗಲಿಗೆ ಹೋಯಿತು.

"ಅವ್ವಾ, ಬಸ್ಸಿನಾಗೆ ಎಲ್ಲಿ ಕುಂತಿದ್ದೆ?"

"ಕಿಟಕಿ ತಾವ, ತಾಯಿ."

"ಬಿಸಿಲಿತ್ತಾ?"

"ಬಿಸಿಲಿಗೇ ಅಂತ ಕುಂತಿದ್ದು." ಮುದುಕಿ ಹೆಮ್ಮೆಯಿಂದಲೇ ಅಂದಳು. "ನನ್ನ ಮೊಮ್ಮಗೀನ ನೀರಲ್ವಾ? ಐಸಿನಾಗೆ ಮಡಗಿದ್ರು, ಕೊರಡಾಗಿತ್ತು. ನಿತ್ರಾಣದ ಮರಿ ಹುಟ್ಟಿದ್ರೆ ನಾವು ಕಂಬ್ಳೀಲಿ ಒರೆಸಿ ಎಳೆಬಿಸಿಲಿಗೆ ಹಿಡೀತೀವಿ. ಹಂಗೇ ಕಾಗ್ದ ಬಿಚ್ಚಿ, ಒರೆಸಿ, ದಾರಿ ಉದ್ದಕ್ಕೂ ಬಿಸಿಲಿಗೆ ಹಿಡ್ಕಂಡು ಬಂದೆ. ಊರು ಬಂದ ಮೇಲೆ ಮತ್ತೆ ಸುತ್ತಿದೆ. ಹಿಂಗೆ ಎಷ್ಟು ಮರಿ ಉಳಿಸೀನಿ ಗೊತ್ತಾ?"

ಸಿದ್ದಕ್ಕ ಚಿಮಟ ಕೆಳಗಿಟ್ಟಳು.

"ಬಿಸಿಲು ತಿಂದಿದ್ದು ಟ್ಯೂಬಿನ ಹಳದೀನ ಮಾತ್ರ, ಅವ್ವಾ," ಸಿದ್ದಕ್ಕ ಮೆಲ್ಲಗೆ ಹೇಳಿದಳು. "ಹೊಟ್ಟೆ ಒಳಗಿಂದು ಹಂಗೇ ಐತೆ."

ಕ್ಯಾತಮ್ಮ ಹೆಗಲ ಕಂಬಳಿ ಕೆಳಗಿಳಿಸಿ ನೆಲಕ್ಕೆ ಕೂತಳು. "ನಾನೇ ಕೊಂದ್ನಾ ತಾಯಿ?"

"ನೀನಲ್ಲ. ನಿಂಗೆ ಯಾರೂ ಹೇಳಿರಲಿಲ್ಲ. ಕಳ್ಳ ಇಲ್ಲೇ ನಿಂತವ್ನೆ — ಬೆಳಕಿನ ಸಂಗತಿ ಗೊತ್ತಿದ್ದೂ, ಬಿಸಿ ಅಂಗೈಗೆ ತಾಗಿದ್ರೂ, ಒಂದು ಮಾತು ಕೇಳದೆ ಫೋನ್ ಮಾಡಿದೋನು!"

ಆರು ತಾಲ್ಲೂಕಿನ ದುರುಗಣ್ಣ ಸಾಸಿವೆಯಷ್ಟಾದ. ಫೋನಿಗೆ ಬಿದ್ದೆ. ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದೆ. ಇಲ್ಲ! ಮೂರನೇ ಸಲಕ್ಕೆ ಡಾಕ್ಟರ ದನಿ.

"ರಂಗಕ್ಕನಾ? ಈಗ ತಾನೇ ಗಂಡನ ಜೊತೆ ಬಸ್‌ಸ್ಟ್ಯಾಂಡಿಗೆ ಹೋದಳಲ್ಲ?"

"ತಡೀರಿ ಮೇಡಂ! ನನ್ನ ರಿಪೋರ್ಟು ಸುಳ್ಳು!"

ಹಾಗೆಂದು ಹುಟ್ಟಿದಾಗಿನಿಂದ ನಾನು ಹೇಳಿದ್ದು ಅದೇ ಮೊದಲು.

ಡಾಕ್ಟರು ಯಾವಾಗಲೂ ನೀರನ್ನು ಎರಡು ಟ್ಯೂಬಿಗೆ ತೆಗೆದು ಒಂದನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೊರಟು ನಿಂತ ಬಸ್ಸಿನಿಂದ ರಂಗಕ್ಕನನ್ನು ಇಳಿಸಿ, ಆ ಟ್ಯೂಬಿನ ಜೊತೆ ಆಸ್ಪತ್ರೆಯ ಜೀಪಿಗೆ ಹತ್ತಿಸಿ ಚಳ್ಳಕೆರೆಗೆ ಕಳಿಸಿದರು. ಜೀಪು ಬಂದೊಡನೆ ಕ್ಯಾತಮ್ಮ ಎದ್ದು ಲ್ಯಾಬಿನ ಕಿಟಕಿಗೆ ತನ್ನ ಕಂಬಳಿಯನ್ನೇ ಅಡ್ಡ ಹಿಡಿದು ನಿಂತಳು. ಆ ಕತ್ತಲಲ್ಲಿ ಟ್ಯೂಬನ್ನು ಯಂತ್ರಕ್ಕಿಟ್ಟೆ. ಮುಳ್ಳು ಅಪಾಯದ ಗೆರೆ ದಾಟಿತು.

ಕ್ಯಾತಮ್ಮನನ್ನೂ ಹತ್ತಿಸಿಕೊಂಡು ಜೀಪು ನಿಲ್ಲದೆ ದಾವಣಗೆರೆಗೆ ಹಾರಿತು.

ಮೂರನೆಯ ದಿನ ಅಲ್ಲಿಂದ ಕ್ಯಾತಮ್ಮನ ಫೋನು. ಹೆಣ್ಣು ಕೂಸು. ಅದರ ರಕ್ತ ಬದಲಿಸಿದ್ದರು. ಹಿನ್ನೆಲೆಯಲ್ಲಿ ಅಳು ಕೇಳಿಸಿತು. ಇದನ್ನು ಮಾತ್ರ ಹಿಗ್ಗಿಸಿ ಹೇಳಲಾರೆ: ಕುರಿಮರಿಯ ಹಾಗೆ, ತೀರಾ ಸಣ್ಣಗೆ.

"ಮಗೀನ ಮೈ ಹಳದಿ ಐತೆ ಅಂತ ಬಟ್ಟೆ ಬಿಚ್ಚಿ ದೊಡ್ಡ ದೀಪದ ಕೆಳಗೆ ಮಲಗಿಸವ್ರೆ," ಮುದುಕಿ ಅಂದಳು. "ಬೆಳಕು ಹಳದೀನ ತಿಂತೈತಂತೆ. ನಾನೂ ಅದನ್ನೇ ಅಲ್ವಾ ಸ್ವಾಮಿ ಮಾಡಿದ್ದು?"